ದುರ್ಗದ ಸೀಮೆಯ ಮಗ್ಗಗಳನ್ನೂ ನೆನೆಯಿರಿ

ಸಣ್ಣ ಕುಶಲಕರ್ಮಿಗಳಿಂದ, ಊರಿನ ವಿನ್ಯಾಸಕಾರರಿಂದಲೇ ಕೊಳ್ಳಿ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಹೇಳಿದ ಮಾತನ್ನು ಮನಸಾರೆ ಒಪ್ಪುತ್ತೇನೆ. ಆದರೆ ಅವರು ಕೊಟ್ಟ ಉದಾಹರಣೆಗಳೆಲ್ಲ ಬೆಂಗಳೂರಿನ ಮಳಿಗೆಗಳೇ ಆದವು. ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ರೇಷ್ಮೆ ಸೀರೆಯ ಮೊಳಕಾಲ್ಮೂರು ಇದೆ, ಕಂಬಳಿಯ ಚಳ್ಳಕೆರೆ ಇದೆ.

ಮಗಳ ಮದುವೆಗೆಂದು ದೊಡ್ಡ ಅಂಗಡಿಯೊಂದರಲ್ಲಿ ‘ಮೊಳಕಾಲ್ಮೂರು ರೇಷ್ಮೆ’ ಕೊಂಡಿದ್ದೆವು. ನೇಯ್ಗೆ ಬಲ್ಲ ಹಿರಿಯರೊಬ್ಬರು ಅದನ್ನು ತಿರುವಿ ನೋಡಿ, ‘ಇದು ಕೈಮಗ್ಗದ್ದಲ್ಲಮ್ಮ, ಪವರ್‌ಲೂಮಿನದು’ ಎಂದಾಗ ಹೊಟ್ಟೆ ಉರಿದುಹೋಯಿತು. ಮೊಳಕಾಲ್ಮೂರು ಸೀರೆಗೆ 2011ರಲ್ಲೇ ಜಿಐ, ಅಂದರೆ ಆ ಸೀಮೆಯ ಸರಕಿಗಷ್ಟೇ ಆ ಹೆಸರು ಎಂಬ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಹೆಸರು ಕದಿಯುವುದು ಮಾತ್ರ ನಿಂತಿಲ್ಲ. ಎರಡನೆಯ ಸೀರೆಗೆ ನೇರವಾಗಿ ನೇಕಾರರ ಮನೆಗೇ ಹೋದೆವು. ನೆಲದ ಗುಣಿಯ ಮೇಲೆ ಹೂಡಿದ ಗುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದ ಅಜ್ಜ ಅಂಚಿಗೊಂದು ಲಾಳಿ, ಒಡಲಿಗೊಂದು ಲಾಳಿ ಹಾಯಿಸುತ್ತಿದ್ದರು. ಅರ್ಧ ಗಂಟೆ ನಿಂತು ನೋಡಿದರೂ ಬಟ್ಟೆ ಗೇಣುದ್ದ ಬೆಳೆದಿರಲಿಲ್ಲ. ಅವರು ಹೇಳಿದ ಬೆಲೆಯನ್ನು ಹಾಗೆಯೇ ಕೊಟ್ಟು ಬಂದೆವು.

ಚಳ್ಳಕೆರೆಯ ಕಂಬಳಿಯನ್ನೂ ಹೇಳಲೇಬೇಕು. ಹುಣಸೆ ಬೀಜದ ಗಂಜಿ ಬಳಿದು ಒಣಗಿಸಿದ ಕುರಿ ಉಣ್ಣೆಯ ಕಂಬಳಿ ಮೊದಮೊದಲು ರಟ್ಟಿನಂತೆ ಬಿರುಸಾಗಿರುತ್ತದೆ, ಹೊದೆದಂತೆಲ್ಲ ಮೆದುವಾಗುತ್ತದೆ. ಇದನ್ನು ತಿಳಿಯದೆ ‘ಚುಚ್ಚುತ್ತದೆ’ ಎಂದು ಕೆಳಗಿಟ್ಟು ಹೋಗುವವರನ್ನು ಕಂಡಾಗ ಸಂಕಟವಾಗುತ್ತದೆ. ಮಾಲ್‌ನಲ್ಲಿ ಚೀಟಿಯ ಬೆಲೆಯನ್ನು ಮರುಮಾತಿಲ್ಲದೆ ಕೊಡುವವರು ಸಂತೆಯಲ್ಲಿ ಕಂಬಳಿ ಮಾರುವವರ ಮುಂದೆ ನೂರು ರೂಪಾಯಿಗೆ ಚೌಕಾಸಿ ಮಾಡುವುದೇಕೆ?

ಲೇಖಕರು ಒಮ್ಮೆ ದುರ್ಗಕ್ಕೆ ಬರಲಿ. ಮೊಳಕಾಲ್ಮೂರಿಗೂ ಚಳ್ಳಕೆರೆಗೂ ನಾನೇ ಕರೆದುಕೊಂಡು ಹೋಗುತ್ತೇನೆ.