ಅಮ್ಮನಿಗೆ ಕೊನೇ ಟಿಟಿ ಹಾಕಿಸಿದ್ದು ಯಾವಾಗ?

ಹೋದ ಭಾನುವಾರ ಶ್ರೀನಿವಾಸಪುರದ ಹತ್ತಿರ ನಮ್ಮೂರಲ್ಲಿ ಅಮ್ಮ ಕೊಟ್ಟಿಗೆ ಪಕ್ಕ ಮುರಿದುಬಿದ್ದ ಮಾವಿನ ಪೆಟ್ಟಿಗೆ ಎತ್ತಿಡೋಕೆ ಹೋಗಿ ಮೊಳೆ ತುಳಿದರು. ಹವಾಯಿ ಚಪ್ಪಲಿ ತೂರಿಕೊಂಡು ಅಂಗಾಲಿಗೆ ಇಳಿದಿತ್ತು. ರಕ್ತ ಬಂದಿದ್ದು ನಾಲ್ಕು ಹನಿ. ಅರಿಶಿನ ಒತ್ತಿ ಬಟ್ಟೆ ಸುತ್ತಿ ಹಾಲು ಕರೆಯೋಕೆ ಕೂತೇಬಿಟ್ಟಿದ್ದರು. ಬಲವಂತ ಮಾಡಿ ಟಿಟಿ, ಅಂದರೆ ಧನುರ್ವಾಯು ಲಸಿಕೆ ಹಾಕಿಸೋಕೆ ಆಸ್ಪತ್ರೆಗೆ ಕರಕೊಂಡು ಹೋದೆ.

"ಅಮ್ಮಾ, ಹಿಂದೆ ಟಿಟಿ ಯಾವಾಗ ಹಾಕಿಸ್ಕೊಂಡಿದ್ರಿ?" ಅಂತ ಸಿಸ್ಟರ್ ಕೇಳಿದರು.

"ಇವನ ತಮ್ಮ ಹೊಟ್ಟೇಲಿದ್ದಾಗ."

ತಮ್ಮನಿಗೆ ಈಗ 31.

ಒಂದು ಸಲ ಆದರೆ ಸಾಕು ಅಂತ ನಾವು ಅಂದುಕೊಂಡುಬಿಡ್ತೀವಿ. ದಡಾರ ಒಂದು ಸಲ ಬಂದು ಹೋದರೆ ಮತ್ತೆ ಬರಲ್ಲ ಅಂತ ಹಿರಿಯರು ಹೇಳೋ ಮಾತು ನಿಜವೇ. 1846ರಲ್ಲಿ ಫ್ಯಾರೋ ದ್ವೀಪಗಳಲ್ಲಿ ದಡಾರ ಹಬ್ಬಿದಾಗ, 1781ರಲ್ಲೇ ಅದು ಬಂದು ಹೋಗಿದ್ದ ಮುದುಕರಿಗೆ ಮತ್ತೆ ತಗುಲಲಿಲ್ಲ ಅಂತ ಪಾನುಮ್ ಎಂಬ ಡೆನ್ಮಾರ್ಕಿನ ವೈದ್ಯ ಬರೆದಿಟ್ಟಿದ್ದಾನೆ. 65 ವರ್ಷ ಆದಮೇಲೂ ಮೈಗೆ ನೆನಪಿತ್ತು! ಆ ಒಂದು ಕಾಯಿಲೆ ನೋಡಿ ನಾವು ಎಲ್ಲಕ್ಕೂ ಅದೇ ಲೆಕ್ಕ ಹಾಕ್ತೀವಿ. ಕೋವಿಡ್‌ನಲ್ಲಿ ಪ್ರತಿಕಾಯ (ರೋಗಾಣು ಎದುರಿಸೋಕೆ ರಕ್ತದಲ್ಲಿ ಹುಟ್ಟೋ ವಸ್ತು) ಕೆಲವೇ ತಿಂಗಳಿಗೆ ಇಳಿಯುತ್ತೆ, ಕಾಯಿಲೆ ತೀವ್ರವಾಗದಂತೆ ತಡೆಯೋ ಶಕ್ತಿ ಅದಕ್ಕಿಂತ ಹೆಚ್ಚು ಕಾಲ ಉಳಿಯುತ್ತೆ. ಫ್ಲೂ ಲಸಿಕೆಯಂತೂ ವರ್ಷಾ ವರ್ಷಾ ಬೇಕು.

ಧನುರ್ವಾಯು ಇವೆಲ್ಲಕ್ಕಿಂತ ಬೇರೆ. ಅದು ಬಂದು ಬದುಕುಳಿದವರಿಗೂ ರಕ್ಷಣೆ ಹುಟ್ಟಲ್ಲ. ಅದರ ರೋಗಾಣು ಬಿಡೋ ವಿಷ ಎಷ್ಟು ಘೋರ ಅಂದರೆ, ಪ್ರಾಣ ತೆಗೆಯೋಕೆ ಸಾಕಾಗುವಷ್ಟು ಇದ್ದರೂ ಮೈ ಅದನ್ನು ಗುರುತು ಹಿಡಿಯೋಕೆ ಸಾಲಲ್ಲ. ಹಾಗಾಗಿ ಗುಣವಾದವರಿಗೂ ಲಸಿಕೆ ಕೊಡಲೇಬೇಕು. ಲಸಿಕೆ ಕೊಟ್ಟ ರಕ್ಷಣೆ ಕೂಡ ಕ್ರಮೇಣ ಕರಗುತ್ತೆ, ಅದಕ್ಕೇ 10 ವರ್ಷಕ್ಕೊಮ್ಮೆ ಬೂಸ್ಟರ್. ಗಾಯಕ್ಕೆ ಮಣ್ಣು, ಸಗಣಿ ಸೋಕಿದ್ದರೆ 5 ವರ್ಷ ದಾಟಿದ್ದರೂ ಹಾಕ್ತಾರೆ. ಮೊಳೆಯ ತುಕ್ಕಿನಿಂದ ಇದು ಬರಲ್ಲ. ರೋಗಾಣು ಇರೋದು ಮಣ್ಣಲ್ಲಿ, ಗೊಬ್ಬರದಲ್ಲಿ. ಗಾಳಿಯಾಡದ ಆಳವಾದ ತೂತು ಸಿಕ್ಕರೆ ಅಲ್ಲೇ ಬೆಳೆಯುತ್ತೆ. ಒಬ್ಬರಿಂದ ಒಬ್ಬರಿಗೆ ಹರಡೋದೂ ಇಲ್ಲ, ಅಂದಮೇಲೆ ಊರೆಲ್ಲ ಲಸಿಕೆ ಹಾಕಿಸಿಕೊಂಡರೂ ನನ್ನ ಕಾಲಿಗೆ ಅದರಿಂದ ಏನೂ ಉಪಯೋಗವಿಲ್ಲ.

ನನಗೆ ಸಂಕಟ ಆಗೋದು ಇಲ್ಲೇ. ಮಕ್ಕಳಿಗೆ ತಾಯಿ ಕಾರ್ಡ್ ಇದೆ. 10ಕ್ಕೆ, 16ಕ್ಕೆ ಟಿಡಿ (ಧನುರ್ವಾಯು, ಗಂಟಲಮಾರಿ ಎರಡಕ್ಕೂ ಸೇರಿದ ಲಸಿಕೆ) ಹಾಕ್ತಾರೆ, ಗರ್ಭಿಣಿಯರಿಗೂ ಹಾಕ್ತಾರೆ. 2015ರಲ್ಲಿ ಬಾಣಂತಿ, ಹಸುಗೂಸುಗಳ ಧನುರ್ವಾಯು ನಿವಾರಣೆ ಆಯ್ತು ಅಂತ ಭಾರತ ಘೋಷಿಸಿದ್ದರಲ್ಲಿ ಇದರ ಪಾಲೂ ದೊಡ್ಡದು. ದೊಡ್ಡ ಸಾಧನೆ ಅದು. ಆದರೆ ಹೆರಿಗೆ ಮುಗಿದ ಹೆಂಗಸರನ್ನು, ಶಾಲೆ ಬಿಟ್ಟ ಗಂಡಸರನ್ನು ಯಾರು ಕೇಳ್ತಾರೆ? ದಿನಾ ಗೊಬ್ಬರದಲ್ಲಿ ಕಾಲಿಡೋರು ಅವರೇ ಅಲ್ಲವಾ? ಆಶಾ ಅಕ್ಕ ಮಗುವಿನ ಲೆಕ್ಕ ಕೇಳೋಕೆ ಮನೆಗೆ ಬಂದಾಗ ಅಜ್ಜ ಅಜ್ಜಿಯ ಲೆಕ್ಕವನ್ನೂ ಬರಕೊಳ್ಳೋ ವ್ಯವಸ್ಥೆ ಆಗಬೇಕು. ಅಲ್ಲೀವರೆಗೆ ನಿಮ್ಮನೇಲಿ ನೀವೇ ಕೇಳಿ.

ಅಮ್ಮನ ಇಂಜೆಕ್ಷನ್ ತಾರೀಖು ಬೀರು ಬಾಗಿಲ ಒಳಗಡೆ ಸ್ಕೆಚ್ ಪೆನ್ನಲ್ಲಿ ಬರೆದಿದ್ದೀನಿ. ಕೆಳಗೆ ಅಪ್ಪನ ಹೆಸರು ಬರೆದು ಜಾಗ ಬಿಟ್ಟಿದ್ದೀನಿ. ಅವರಿಗೆ ಹಿಂದೆ ಯಾವಾಗ ಹಾಕಿಸಿಕೊಂಡಿದ್ದು ಅನ್ನೋದು ನೆನಪೇ ಇಲ್ಲ. ನಾಳೆ ಡೈರಿಗೆ ಹಾಲು ಹಾಕಿ ಬಂದಮೇಲೆ ಕರಕೊಂಡು ಹೋಗ್ತೀನಿ.