ವಯಸ್ಸು 500, ಸ್ವಂತ ಅರಮನೆ, ಸುಳ್ಳು ಹೇಳುವುದಿಲ್ಲ

ಮೊದಲು ಕಾಗುಣಿತ. ಇಂಗ್ಲಿಷಿನಲ್ಲಿ ಫೇರಿ ಅನ್ನುವುದನ್ನು ಈಗಿನ ರೂಢಿಯಂತೆ ಬರೆದರೆ ಅಂಗೈಯಗಲದ, ಚಿಟ್ಟೆರೆಕ್ಕೆಯ, ಹಲ್ಲು ಬಿದ್ದ ಮಕ್ಕಳ ದಿಂಬಿನಡಿ ಕಾಸಿಟ್ಟು ಹೋಗುವ ಪುಟಾಣಿ ಸಿಗುತ್ತದೆ. ಅದನ್ನೇ ಹಳೇ ಕಾಗುಣಿತದಲ್ಲಿ, ನಡುವೆ ಒಂದು ‘e’ ಕೊನೆಗೊಂದು ‘e’ ಬರುವಂತೆ faerie ಎಂದು ಬರೆಯಿರಿ. ರೆಕ್ಕೆ ಉದುರುತ್ತದೆ, ಆರಡಿ ಎತ್ತರ ಬರುತ್ತದೆ, ದವಡೆ ಚೂಪಾಗುತ್ತದೆ, ಕಿವಿ ಇನ್ನೂ ಚೂಪಾಗುತ್ತದೆ, ಪುಸ್ತಕದ ಬೆಲೆಯೂ ಏರುತ್ತದೆ. ಹದಿಹರೆಯದವರ ಫ್ಯಾಂಟಸಿ ಕಪಾಟಿನ ಅರ್ಧ ವ್ಯಾಪಾರ ನಿಂತಿರುವುದು ಈ ಎರಡಕ್ಷರದ ಮೇಲೆ.

ಬರೆಯುವ ಉಮೇದಿದ್ದವರಿಗೆ ಸಾಮಾನಿನ ಚೀಟಿ ಉದ್ದವೇನಿಲ್ಲ. ನಾಯಕಿ ಒಬ್ಬಳು, ವಯಸ್ಸು 17. ತಾಯಿ ಇರಬಾರದು, ತಂದೆ ಇದ್ದರೆ ಸಾಲದಲ್ಲಿರಬೇಕು. ಬಿಲ್ಲು ಹಿಡಿಯಲು ಬರಬೇಕು, ಐದನೇ ಅಧ್ಯಾಯದ ನಂತರ ಆ ಬಿಲ್ಲು ಎಲ್ಲಿ ಹೋಯಿತೆಂದು ಯಾರೂ ಕೇಳಬಾರದು. ನಾಯಕನಿಗೆ 500. ಅಂದರೆ ವಿಜಯನಗರದಲ್ಲಿ ಕೃಷ್ಣದೇವರಾಯ ಆಳುತ್ತಿದ್ದಾಗ ಹುಟ್ಟಿದವನು. ಐದು ಶತಮಾನ ಬಾಳಿಯೂ ಅಪ್ಪನ ಮೇಲಿನ ಮುನಿಸು ಇಳಿದಿಲ್ಲ, ಒಂದು ಸಾರು ಮಾಡಲು ಕಲಿತಿಲ್ಲ. ಹದಿನೇಳರ ಹುಡುಗಿ ಎದುರು ಮಾತಾಡಿದರೆ ಸಾಕು, ‘ಇಷ್ಟು ವರ್ಷದಲ್ಲಿ ನನ್ನೊಂದಿಗೆ ಹೀಗೆ ಮಾತಾಡಿದವರೇ ಇಲ್ಲ’ ಎಂದು ಬೆರಗಾಗುತ್ತಾನೆ. ಫೇರಿ ಸುಳ್ಳು ಹೇಳಲಾರ ತಾನೆ? ನಿಜವೇ ಇರಬೇಕು ಪಾಪ.

ಶೀರ್ಷಿಕೆಗೆ ಮುಳ್ಳು, ಮೂಳೆ, ಬೂದಿ, ರಕ್ತ, ಕಿರೀಟ, ಇವುಗಳಲ್ಲಿ ಯಾವ ಎರಡನ್ನಾದರೂ ‘ಮತ್ತು’ ಹಾಕಿ ಹೊಲಿದರೆ ಆಯಿತು. ಮುಂದಿನ ಪುಟದಲ್ಲಿ ಒಂದು ನಕ್ಷೆ. ಸ್ಕಾಟ್ಲೆಂಡಿನ ಜನಪದದಲ್ಲಿ ಫೇರಿಗಳ ದರ್ಬಾರು ಇದ್ದದ್ದು ಎರಡೇ: ಸೀಲಿ, ಅನ್‌ಸೀಲಿ. ಒಲಿದರೆ ಒಳ್ಳೆಯದು ಮಾಡುವವರು, ಕೆಣಕದಿದ್ದರೂ ಕೆಟ್ಟದ್ದು ಮಾಡುವವರು. ಕಾದಂಬರಿಗಳಲ್ಲಿ ಅದು ಅಣ್ಣತಮ್ಮಂದಿರ ಜಮೀನಿನಂತೆ ಪಾಲಾಗುತ್ತಾ ಹೋಗಿ, ಋತುವಿಗೊಂದು, ಹೊತ್ತಿಗೊಂದು ದರ್ಬಾರು ಆಗಿದೆ. ನಕ್ಷೆಯಲ್ಲಿ ಇರುವ ಊರಿಗೆಲ್ಲ ನಾಯಕಿ ಹೋಗಲೇಬೇಕು. ಅದಕ್ಕಾಗಿಯೇ ಎರಡನೆಯ ಭಾಗ.

ಕೈಕೊಡುವುದು ಕಬ್ಬಿಣ. ಫೇರಿಗೆ ಕಬ್ಬಿಣ ಸೋಕಿದರೆ ಸುಡುತ್ತದೆ ಅನ್ನುವುದು ಹಳೇ ನಂಬಿಕೆ. ಸ್ಕಾಟ್ಲೆಂಡಿನಲ್ಲಿ ಕೂಸಿನ ತೊಟ್ಟಿಲ ಮೇಲೆ ಕತ್ತರಿ ಬಿಚ್ಚಿ ನೇತುಹಾಕುತ್ತಿದ್ದರು. ನಮ್ಮ ಬಾಣಂತಿ ಕೋಣೆಯಲ್ಲಿ ಹಾಸಿಗೆಯಡಿ ಕುಡುಗೋಲು ಇಟ್ಟ ಹಾಗೇ. ಈ ನಿಯಮವನ್ನು ಇಂದಿನ ಪಟ್ಟಣಕ್ಕೆ ತಂದರೆ ಕಥೆ ಮೂರು ಪುಟ ನಡೆಯುವುದಿಲ್ಲ. ಲಿಫ್ಟು ಕಬ್ಬಿಣ, ಬಸ್ಸು ಕಬ್ಬಿಣ, ಆರ್‌ಸಿಸಿ ಕಂಬದೊಳಗಿನ ಸರಳು ಕಬ್ಬಿಣ. ಸ್ಟೇನ್‌ಲೆಸ್ ಸ್ಟೀಲಿನ ತಟ್ಟೆ ಲೋಟದಲ್ಲೂ ಹತ್ತಕ್ಕೆ ಏಳು ಪಾಲು ಅದೇ. ರಾಜಕುಮಾರ ಹತ್ತಾರು ಅಂತಸ್ತಿನ ಗಾಜಿನ ಕಟ್ಟಡದಲ್ಲಿ ನಿಂತು ಮಳೆ ನೋಡುತ್ತಾನಲ್ಲ, ಆ ಕಟ್ಟಡವನ್ನು ಎತ್ತಿ ಹಿಡಿದಿರುವುದು ಯಾವುದು?

ಇನ್ನೂ ದೊಡ್ಡ ತೊಡಕು ನಾಯಕಿಯ ಒಳಗೇ ಇದೆ. ಬೆಳೆದ ಮನುಷ್ಯರ ಮೈಯಲ್ಲಿ 3ರಿಂದ 4 ಗ್ರಾಂ ಕಬ್ಬಿಣವಿರುತ್ತದೆ, ಹೆಚ್ಚಿನ ಪಾಲು ರಕ್ತದಲ್ಲಿ. ಮೊದಲ ಚುಂಬನಕ್ಕೇ ರಾಜಕುಮಾರನ ತುಟಿ ಬೊಬ್ಬೆ ಏಳಬೇಕಿತ್ತು. ಏಳುವುದಿಲ್ಲ. ಹುಡುಗಿಗೆ ರಕ್ತಹೀನತೆ ಇರಬೇಕೆಂದು ಊಹಿಸಬಹುದು, ಲೇಖಕರಂತೂ ಬಾಯಿ ಬಿಡುವುದಿಲ್ಲ. ಈ ರಾಜಕುಮಾರರು ನಮ್ಮ ಕಡೆ ಬಾರದಿರುವುದಕ್ಕೂ ಇದೇ ಕಾರಣವಿದ್ದೀತು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಹದಿಹರೆಯದವರಿಗೆ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ.

ಉಳಿದ ಕಟ್ಟಳೆಗಳಲ್ಲಿ ನಾವು ಸಮಬಲ. ಫೇರಿಗೆ ಥ್ಯಾಂಕ್ಸ್ ಹೇಳಬಾರದು, ಹೇಳಿದರೆ ಋಣ ಒಪ್ಪಿಕೊಂಡಂತೆ. ಕನ್ನಡದ ಮನೆಯಲ್ಲಿ ಬಡಿಸಿದವರಿಗೆ ಯಾರು ಧನ್ಯವಾದ ಹೇಳುತ್ತಾರೆ, ಅದು ಮೈಕಿನ ಮುಂದಿನ ಮಾತು. ಇಷ್ಟರಲ್ಲಿ ಗೆದ್ದೆವು. ಆದರೆ ಅವರ ಮನೆಯಲ್ಲಿ ಒಂದು ತುತ್ತೂ ತಿನ್ನಬಾರದು ಅನ್ನುವ ಇನ್ನೊಂದು ಕಟ್ಟಳೆಯೂ ಇದೆಯಲ್ಲ. ‘ಒಂದ್ಲೋಟ ಕಾಫಿಯಾದ್ರೂ ಕುಡ್ಕೊಂಡ್ ಹೋಗಮ್ಮ’ ಅಂದರೆ ಮುಗಿಯಿತು, ನೂರು ವರ್ಷ ಒಳಗೇ.

ಕಸುಬು ಗೊತ್ತಿದ್ದವರೂ ಎಡವುವುದು ಸುಳ್ಳಿನ ವಿಷಯದಲ್ಲಿ. ನಿಯಮ ಸರಳ: ಫೇರಿ ಸುಳ್ಳಾಡಲಾರ, ಆದರೆ ದಾರಿ ತಪ್ಪಿಸಬಲ್ಲ. ‘ಈ ಪಾನಕದಲ್ಲಿ ವಿಷವಿಲ್ಲ’ ಅಂದರೆ ಪಾನಕದಲ್ಲಿ ಇಲ್ಲ, ಬಟ್ಟಲಿನ ಅಂಚಿಗೆ ಸವರಿದೆ. ಇದನ್ನು ಇನ್ನೂರು ಪುಟ ಚೆನ್ನಾಗಿ ನಡೆಸಿಕೊಂಡು ಬಂದು, ನಾಯಕಿಯನ್ನು ಅಪಾಯದಿಂದ ದೂರ ಕಳಿಸುವ ಗಳಿಗೆ ಬಂದಾಗ ಲೇಖಕರು ಮೈಮರೆಯುತ್ತಾರೆ. ರಾಜಕುಮಾರ ಮುಖ ತಿರುಗಿಸಿ ‘ನಾನು ನಿನ್ನನ್ನು ಎಂದೂ ಪ್ರೀತಿಸಲಿಲ್ಲ’ ಅನ್ನುತ್ತಾನೆ. ಪ್ರೀತಿಸಿದ್ದಾನೆ, ಆದ್ದರಿಂದ ಈ ಮಾತು ಅವನ ಗಂಟಲಿನಿಂದ ಹೊರಡುವಂತೆಯೇ ಇಲ್ಲ. ನಾಯಕಿಗೂ ಈ ನಿಯಮ ಗೊತ್ತು, ಹನ್ನೆರಡನೇ ಪುಟದಲ್ಲಿ ಅವಳಿಗೆ ಹೇಳಿಕೊಟ್ಟಾಗಿದೆ. ಆದರೂ ಅಳುತ್ತಾ ಓಡುತ್ತಾಳೆ, ಹಿಂದೆಯೇ ಲಕ್ಷಾಂತರ ಓದುಗರು. ರಿಪೇರಿ ಸುಲಭವಿತ್ತು. ಹೇಳಿಕೆಯನ್ನು ಪ್ರಶ್ನೆ ಮಾಡಬೇಕು. ‘ಹಳ್ಳಿ ಹುಡುಗಿಯೊಬ್ಬಳನ್ನು ನಾನು ಪ್ರೀತಿಸಿಯೇನೆ?’ ಪ್ರಶ್ನೆ ಸುಳ್ಳಾಗುವುದಿಲ್ಲ, ಆದರೆ ಗಾಯ ಅಷ್ಟೇ ಆಳ. ಕನ್ನಡಕ್ಕೆ ತರುವವರು ಇನ್ನೊಂದನ್ನು ನೋಡಿಕೊಳ್ಳಬೇಕು: ನಮ್ಮ ಫೇರಿ ಹೊಸಿಲು ದಾಟುವಾಗ ‘ಬರ್ತೀನಿ’ ಅನ್ನುವಂತಿಲ್ಲ. ವಾಪಸು ಬರುವ ಇರಾದೆ ಇಲ್ಲದಿದ್ದರೆ ‘ಹೋಗ್ತೀನಿ’ ಅಂತಲೇ ಹೇಳಬೇಕು. ಮನೆಯ ಅಜ್ಜಿ ಅಲ್ಲಿಗೇ ಅವನನ್ನು ಪತ್ತೆ ಹಚ್ಚುತ್ತಾಳೆ.

ಈ ಕಥೆಗಳೆಲ್ಲ ತಮ್ಮ ಅಜ್ಜಿಯೆಂದು ತೋರಿಸುವುದು ಸ್ಕಾಟ್ಲೆಂಡಿನ ಟ್ಯಾಮ್ ಲಿನ್ ಲಾವಣಿಯನ್ನು, ಫ್ರಾನ್ಸಿಸ್ ಚೈಲ್ಡ್ ಎಂಬ ವಿದ್ವಾಂಸ ಕಲೆಹಾಕಿದ ಲಾವಣಿ ಸಂಗ್ರಹದಲ್ಲಿ 39ನೆಯದು. ಅಜ್ಜಿಯನ್ನು ಮಾತಾಡಿಸಿದವರು ಕಡಿಮೆ. ಅಲ್ಲಿ ಟ್ಯಾಮ್ ಲಿನ್ ಫೇರಿಯೇ ಅಲ್ಲ, ಫೇರಿ ರಾಣಿ ಹಿಡಿದಿಟ್ಟುಕೊಂಡ ಮನುಷ್ಯ. ಏಳು ವರ್ಷಕ್ಕೊಮ್ಮೆ ಫೇರಿಗಳು ನರಕಕ್ಕೆ ಕಂದಾಯ ಕಟ್ಟಬೇಕು, ಈ ಸಲ ಕಂದಾಯಕ್ಕೆ ತಾನೇ ಹೋಗುವ ಭಯ ಅವನಿಗೆ. ಅವನಿಂದ ಬಸುರಾದ ಜಾನೆಟ್ ಎಂಬ ಹುಡುಗಿ ಹ್ಯಾಲೋವೀನ್ ರಾತ್ರಿ ಅಡ್ಡರಸ್ತೆಯಲ್ಲಿ ಕಾದು ನಿಂತು ಅವನನ್ನು ಕುದುರೆಯಿಂದ ಕೆಳಗೆಳೆಯುತ್ತಾಳೆ. ತೋಳಿನಲ್ಲೇ ಅವನು ಹಾವಾಗುತ್ತಾನೆ, ಕರಡಿಯಾಗುತ್ತಾನೆ, ಸಿಂಹವಾಗುತ್ತಾನೆ, ಕಾದ ಕಬ್ಬಿಣವಾಗುತ್ತಾನೆ, ಕೊನೆಗೆ ಕೆಂಡ. ಕೆಂಡವನ್ನು ಬಾವಿಗೆ ಹಾಕಿ, ಮೇಲೆದ್ದ ಬೆತ್ತಲೆ ಗಂಡಸಿಗೆ ತನ್ನ ಹಸಿರು ಮೇಲುವಸ್ತ್ರ ಹೊದಿಸುತ್ತಾಳೆ. ಮಂತ್ರವಿಲ್ಲ, ಭವಿಷ್ಯವಾಣಿಯಿಲ್ಲ, ಮೈಯಲ್ಲಿ ಹರಿಯುವ ಗುಪ್ತ ರಾಜರಕ್ತವಿಲ್ಲ. ಇದ್ದದ್ದು ಹಿಡಿತ ಒಂದೇ. ಸೋತ ರಾಣಿ ಅವನಿಗೆ ಅನ್ನುತ್ತಾಳೆ: ಹೀಗಾದೀತೆಂದು ಗೊತ್ತಿದ್ದರೆ ನಿನ್ನ ಕಣ್ಣು ಕಿತ್ತು ಮರದ ಕಣ್ಣು ಇಟ್ಟುಬಿಡುತ್ತಿದ್ದೆ.

ಜಾನೆಟ್ ಒಬ್ಬನನ್ನು ಅಲ್ಲಿಂದ ಹೊರಗೆಳೆದಳು. ಈಗಿನ ನಾಯಕಿಯರು ಒಳಗೆ ಸೇರಲು ಸಾಲು ನಿಂತಿದ್ದಾರೆ. ಒಳಗೆ ಹೋದ ಮೇಲೆ, ಸುಮಾರು ನಾನೂರನೇ ಪುಟಕ್ಕೆ, ಅವಳೂ ಹುಟ್ಟಾ ಫೇರಿಯೇ ಎಂದು ಗೊತ್ತಾಗುತ್ತದೆ, ಇಲ್ಲವೇ ಸತ್ತು ಫೇರಿಯಾಗಿ ಏಳುತ್ತಾಳೆ. ಫೇರಿ ಮತ್ತು ಮನುಷ್ಯರ ಕಥೆಯಲ್ಲಿ ಇದ್ದ ಒಬ್ಬ ಮನುಷ್ಯಳೂ ಖರ್ಚಾದಳು.

ಕೂಸು ಕದ್ದು ಮುದಿ ಫೇರಿಯನ್ನು ತೊಟ್ಟಿಲಲ್ಲಿ ಮಲಗಿಸುವುದು ಇವರ ಹಳೇ ಚಾಳಿ. ಪತ್ತೆಗೆ ಉಪಾಯವೂ ಇತ್ತು: ಒಲೆಯ ಮುಂದೆ ಮೊಟ್ಟೆಯ ಚಿಪ್ಪಿನಲ್ಲಿ ಅಡುಗೆಗಿಡಬೇಕು. ತೊಟ್ಟಿಲ ‘ಕೂಸು’ ತಡೆಯಲಾರದೆ, ಇಷ್ಟು ವಯಸ್ಸಾದರೂ ಇಂಥದ್ದು ಕಂಡಿಲ್ಲವಲ್ಲಪ್ಪ ಎಂದು ಬಾಯಿಬಿಡುತ್ತದೆ. ಹದಿಹರೆಯದವರ ಕಪಾಟಿನ ಮುಂದೆ ಆ ಚಿಪ್ಪು ಇಟ್ಟರೆ ಮಂಡಿನೋವು, ಗೃಹಸಾಲದ ಕಂತು ಎಲ್ಲ ಹೊರಬೀಳುತ್ತವೆ. 2012ರಲ್ಲಿ ಪುಸ್ತಕ ವ್ಯಾಪಾರದ ಅಂಕಿಅಂಶ ಇಡುವ ಅಮೆರಿಕದ ಬೌಕರ್ ಸಂಸ್ಥೆ ಲೆಕ್ಕ ಹಾಕಿದಾಗ, ಈ ಕಪಾಟಿನ ಪುಸ್ತಕ ಕೊಳ್ಳುವವರಲ್ಲಿ ಶೇಕಡಾ 55 ಮಂದಿ 18 ಮುಟ್ಟಿದವರು, ಅವರಲ್ಲಿ ದೊಡ್ಡ ಗುಂಪು 30ರಿಂದ 44ರದು. ಓದಲಿ, ಓದುವುದಕ್ಕೆ ಯಾರದೇನು ತಕರಾರು. ಕಪಾಟಿನ ಬೋರ್ಡು ಮಾತ್ರ ತೊಟ್ಟಿಲಿನದ್ದೇ ಉಳಿದಿದೆ. 2015ರಲ್ಲಿ ಹದಿಹರೆಯದವರಿಗೆಂದು ಹೊರಬಂದ ಒಂದು ಭಾರೀ ಜನಪ್ರಿಯ ಫೇರಿ ಸರಣಿ 2020ರಲ್ಲಿ ಹೊಸ ಮುಖಪುಟ ತೊಟ್ಟು ದೊಡ್ಡವರ ಕಪಾಟಿಗೆ ಬಡ್ತಿ ಪಡೆಯಿತು. ಕಥೆ ಅದೇ. ನಡುವಿನ ಐದು ವರ್ಷ ಅದನ್ನು ಓದಿದ ಹದಿಮೂರರ ಮಕ್ಕಳನ್ನು ಹಿಂದಿನಿಂದ ದೊಡ್ಡವರೆಂದು ಘೋಷಿಸಿದರೋ ಏನೋ.

ಹಾಳೆಯಂಚಿಗೆ ಬಣ್ಣ ಬಳಿದ ಆವೃತ್ತಿ ಬೇರೆ. ಒಂದು ಅಂಗಡಿಗೆ ನೇರಳೆ, ಇನ್ನೊಂದಕ್ಕೆ ಬಂಗಾರ, ಮೂರನೆಯದರಲ್ಲಿ ಒಂದು ಅಧ್ಯಾಯ ಹೆಚ್ಚು. ನಿಷ್ಠಾವಂತ ಓದುಗರು ಮೂರನ್ನೂ ಕೊಂಡು, ಬಣ್ಣ ಕಾಣುವಂತೆ ಬೆನ್ನು ಒಳಗೆ ಮಾಡಿ ಇಡುತ್ತಾರೆ. ಯಾವುದು ಯಾವ ಪುಸ್ತಕ ಎಂದು ಆಮೇಲೆ ಅವರಿಗೂ ಗೊತ್ತಾಗುವುದಿಲ್ಲ.

ಥಾಮಸ್ ದಿ ರೈಮರ್ ಎಂಬ ಇನ್ನೊಬ್ಬ ಸ್ಕಾಟ್ ಕವಿ ಫೇರಿ ರಾಣಿಯ ಚಾಕರಿಯಲ್ಲಿ ಏಳು ವರ್ಷ ಇದ್ದನಂತೆ. ಕೂಲಿಯಾಗಿ ಅವಳು ಕೊಟ್ಟದ್ದು ಒಂದು ಸೇಬು: ತಿಂದರೆ ಸುಳ್ಳು ಬಾರದ ನಾಲಿಗೆ. ಲಾವಣಿಯಲ್ಲಿ ಥಾಮಸ್ ಹಿಗ್ಗುವುದಿಲ್ಲ, ಗೊಣಗುತ್ತಾನೆ. ಇಂಥ ನಾಲಿಗೆ ಇಟ್ಟುಕೊಂಡು ನಾನು ಸಂತೆಯಲ್ಲಿ ಕೊಳ್ಳುವುದು ಹೇಗೆ, ಮಾರುವುದು ಹೇಗೆ ಅನ್ನುತ್ತಾನೆ. ಪ್ರಕಾಶಕರ ಕಚೇರಿಗೆ ಆ ಸೇಬನ್ನು ಯಾರೂ ಒಯ್ದಿಲ್ಲ. ಬೆನ್ನುಡಿಯಲ್ಲಿ ‘ಹಿಂದೆಂದೂ ಕಾಣದ ಕಥೆ’ ಎಂದಿರುತ್ತದೆ. ಅದರ ಕೆಳಗೆ ‘ಮೂರು ಸಂಪುಟಗಳ ಸರಣಿಯ ಅಂತಿಮ ಭಾಗ’. ಹಾಳೆ ತಿರುಗಿಸುತ್ತಾ ಕೊನೆಗೆ ಬಂದರೆ, ನಾಲ್ಕನೆಯ ಸಂಪುಟದ ಮೊದಲ ಅಧ್ಯಾಯ ಉಚಿತ.