ಎಲೆ ಹಾಕಿದರೇನೋ ನೋಡು

ಮೊನ್ನೆಯ ನಾಮಕರಣದಲ್ಲಿ ಊಟದ ಪಂಕ್ತಿಗೆ ಕಾಯುತ್ತಿದ್ದಾಗ ನಮ್ಮ ಸೋದರಮಾವ ಮತ್ತೊಮ್ಮೆ ಒಂದೂ ಎರಡೂ ಸಮವೆಂದು ಸಾಧಿಸಿಬಿಟ್ಟರು. ಎಲ್ಲರ ಬಂಧುಬಳಗದಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಉಳಿದವರು ಸೈಟಿನ ಬೆಲೆಯನ್ನೋ ಸಕ್ಕರೆ ಕಾಯಿಲೆಯನ್ನೋ ಮಾತನಾಡುತ್ತಿದ್ದರೆ, ಇವರು ಆಮಂತ್ರಣ ಪತ್ರಿಕೆಯನ್ನು ಮಗುಚಿ ಜೇಬಿನಿಂದ ಪೆನ್ನು ತೆಗೆಯುತ್ತಾರೆ.

"ಎ ಮತ್ತು ಬಿ ಸಮ ಅಂತ ಇಟ್ಟುಕೊಳ್ಳಿ" ಎಂದು ಆರಂಭ. ಎರಡೂ ಬದಿಯನ್ನು ಎ ಇಂದ ಗುಣಿಸಿ, ಬಿ ವರ್ಗವನ್ನು ಕಳೆದು, ಅಪವರ್ತಿಸುವ ತನಕ ಅವರು ಮಗುವಿಗೆ ಔಷಧ ಕುಡಿಸುವಷ್ಟು ನಿಧಾನಸ್ಥರು. ಆಮೇಲೆ ಎರಡೂ ಕಡೆ 'ಎ ಮೈನಸ್ ಬಿ' ಉಳಿಯುತ್ತದಲ್ಲ, ಅದನ್ನು ಹೊಡೆದುಹಾಕುವ ಗಳಿಗೆಗೆ ಸರಿಯಾಗಿ ತಲೆಯೆತ್ತಿ, "ಎಲೆ ಹಾಕಿದರೇನೋ ನೋಡು" ಎನ್ನುತ್ತಾರೆ. ಹಸಿದವರ ಕತ್ತುಗಳೆಲ್ಲ ಊಟದ ಹಾಲಿನತ್ತ ತಿರುಗಿ ವಾಪಸು ಬರುವಷ್ಟರಲ್ಲಿ ಎರಡು ಬಿ ಒಂದು ಬಿಗೆ ಸಮವಾಗಿ ಕುಳಿತಿರುತ್ತದೆ! ಪ್ರತಿ ಸಮಾರಂಭದಲ್ಲೂ ಅದೇ ಹಂತಕ್ಕೆ ಅದೇ ಪ್ರಶ್ನೆ. ಒಮ್ಮೆ ಊಟ ಮುಗಿಸಿ ಎಲೆಯಡಿಕೆ ಮೆಲ್ಲುತ್ತಿದ್ದಾಗಲೂ ಕೇಳಿದ್ದರು.

ಎ ಮತ್ತು ಬಿ ಸಮವಾಗಿದ್ದ ಮೇಲೆ ಅವುಗಳ ವ್ಯತ್ಯಾಸ ಸೊನ್ನೆ, ಸೊನ್ನೆಯಿಂದ ಭಾಗಿಸುವಂತಿಲ್ಲ ಎಂದರೆ, "ನಿನಗೆ ಮೊದಲಿನಿಂದಲೂ ವಾದ ಜಾಸ್ತಿ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಜೊತೆಗೆ ಪೂರ್ವಿಕರ ಸಾಕ್ಷಿ ಬೇರೆ. ನಿಜ, ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತನು ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆಯೆಂದನು. ನಮ್ಮ ನೃಪತುಂಗನ ಕಾಲದ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ದಲ್ಲಿ, ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆಂದನು. ಅವರು ಎಡವಿದ್ದು ಹೌದು, ಆದರೆ ಎಡವುವಾಗ ಯಾರನ್ನೂ ಎಲೆ ನೋಡಲು ಕಳುಹಿಸಿರಲಿಲ್ಲ. 1997ರಲ್ಲಿ ಅಮೆರಿಕದ ಯಾರ್ಕ್‌ಟೌನ್ ಎಂಬ ಯುದ್ಧನೌಕೆಯ ಕಂಪ್ಯೂಟರಿಗೆ ಯಾರೋ ಸೊನ್ನೆಯನ್ನು ತುಂಬಿದ್ದರಿಂದ ಇದೇ ಭಾಗಾಕಾರ ಸಂಭವಿಸಿ, ಇಡೀ ಹಡಗೇ ಸಮುದ್ರದಲ್ಲಿ ನಿಂತುಬಿಟ್ಟಿತ್ತು. ಮಾವ ಮಾತ್ರ ನಿಲ್ಲುವವರಲ್ಲ.

ಹಾಗೆಂದು ಅವರನ್ನು ಪೂರ್ತಿ ದೂರಲೂ ಮನಸ್ಸಾಗದು. ಬೇಸಿಗೆ ರಜೆಯಲ್ಲಿ ಜಗಲಿಯ ಮೇಲೆ ಕೂರಿಸಿಕೊಂಡು, ಅಂಕಗಳ ಹಂಗಿಲ್ಲದೆ ನಮಗೆ ಬೀಜಗಣಿತದ ರುಚಿ ಹತ್ತಿಸಿದವರು ಅವರೇ, ಆಗ ಪ್ರತಿ ಹಂತದಲ್ಲೂ "ಯಾಕೆ?" ಎಂದು ಗದರಿಸಿ ಕೇಳುತ್ತಿದ್ದರು.

ಈ ಸಲ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎಲೆಯ ಕಡೆ ತಿರುಗದೆ ಪತ್ರಿಕೆಯನ್ನೇ ನೋಡುತ್ತಿದ್ದಳು. ಎ, ಬಿ ಎರಡಕ್ಕೂ ಮೂರನ್ನು ಹಾಕಿ, ಮೂಲೆಯಲ್ಲಿ 6 × 0 = 3 × 0 ಎಂದು ಬರೆದು ಅವರ ಮುಂದೆ ಹಿಡಿದಳು. ಮಾವ ಕನ್ನಡಕ ಸರಿಪಡಿಸಿಕೊಂಡು ಅದನ್ನು ಬಹಳ ಹೊತ್ತು ಪರಿಶೀಲಿಸಿದರು.

"ಮೂರು ಹಾಕಬಾರದಮ್ಮ," ಎಂದರು, "ಬೆಸಸಂಖ್ಯೆ ಹಾಕಿದರೆ ಹೀಗೇ ಆಗುವುದು."